ಕ್ಷೌರವಾದ ಮೇಲಿನ ಕಾಲು ಗಂಟೆ

ಕ್ಷೌರದಂಗಡಿಯಲ್ಲಿ ಎಲ್ಲ ಮುಗಿದ ಮೇಲೆ, ಕುತ್ತಿಗೆಗೆ ಪೌಡರು ಬಳಿದು, ಮೆತ್ತನೆಯ ಕುಂಚದಿಂದ ಕಿವಿಯ ಸಂದಿಯ ಕೂದಲ ಚೂರುಗಳನ್ನು ಝಾಡಿಸಿ, ಕ್ಷೌರಿಕ ಒಂದು ಪುಟ್ಟ ಕನ್ನಡಿಯನ್ನು ನಮ್ಮ ತಲೆಯ ಹಿಂದೆ ಹಿಡಿಯುತ್ತಾನಲ್ಲ, ಆಗ ‘ಇದು ಸರಿಯಾಗಲಿಲ್ಲ’ ಎಂದ ಒಬ್ಬನೇ ಒಬ್ಬ ಗಂಡಸನ್ನು ನಾನು ಈವರೆಗೆ ಕಂಡಿಲ್ಲ. ನೀವು ಕಂಡಿದ್ದರೆ ನಿಮ್ಮ ಲೋಕಾನುಭವ ನನ್ನದಕ್ಕಿಂತ ದೊಡ್ಡದು. ತರಕಾರಿಯಂಗಡಿಯಲ್ಲಿ ಒಂದು ಬದನೆಕಾಯಿಯನ್ನು ಹಿಂದೆ ಮುಂದೆ ತಿರುಗಿಸಿ ಹುಳುಕು ಹುಡುಕುವವನೂ, ಕಚೇರಿಯಲ್ಲಿ ಕೈಕೆಳಗಿನವರ ಕರಡಿನ ಅಲ್ಪವಿರಾಮಗಳಿಗೂ ವಿರಾಮ ಕೊಡದವನೂ, ಆ ಕನ್ನಡಿಯಲ್ಲಿ ತನ್ನದೇ ತಲೆಯ ಹಿಂಭಾಗವನ್ನು ಯಾರೋ ಅಪರಿಚಿತರ ಭಾವಚಿತ್ರದಂತೆ ನೋಡಿ, ಗಂಭೀರವಾಗಿ ತಲೆಯಾಡಿಸಿ ಎದ್ದುಬಿಡುತ್ತಾನೆ. ತಲೆಯ ಪೂರ್ವಾರ್ಧ ಮಾತ್ರ ನಮ್ಮದು. ಉತ್ತರಾರ್ಧ ಹಿಂದೆ ಬರುವವರ ಸೊತ್ತು. ಅದರ ಬಗೆಗೆ ನಮಗೇಕೆ ತಕರಾರು?

ನಾನೂ ತಲೆಯಾಡಿಸುತ್ತೇನೆ. ಆದರೆ ತಲೆಯಾಡಿಸುವ ಮೊದಲು, ಇತ್ತೀಚಿನ ಕೆಲವು ವರ್ಷಗಳಿಂದ, ಇನ್ನೊಂದು ಸಣ್ಣ ಕೆಲಸ ಮಾಡುವ ಅಭ್ಯಾಸ ನನಗೆ ಹತ್ತಿಕೊಂಡಿದೆ. ಅದೇನೆಂದು ಹೇಳಬೇಕಾದರೆ ನನ್ನ ಹಿರಿಯ ಮಗ ಚಂದುವಿನ ಕೂದಲಿನ ಕಥೆ ಹೇಳಬೇಕು. ಅದನ್ನು ಹೇಳಬೇಕಾದರೆ ನನ್ನ ಕೂದಲಿನದನ್ನೂ ಸ್ವಲ್ಪ ಹೇಳಬೇಕು. ಈಗ ನನ್ನ ತಲೆಯಲ್ಲಿ ಉಳಿದಿರುವುದು ಬಹುಮಟ್ಟಿಗೆ ಕಥೆಯೇ ಆದ್ದರಿಂದ ಅದು ಬೇಗ ಮುಗಿಯುತ್ತದೆ.

ನಮ್ಮ ವಂಶದಲ್ಲಿ ಬಿ.ಎ. ಪಾಸು ಮಾಡಿದವರಲ್ಲಿ ನಾನೇ ಮೊದಲಿಗ. ಕುರ್ಚಿಯ ಮೇಲೆ ಕೂತು ಕ್ಷೌರ ಮಾಡಿಸಿಕೊಂಡವರಲ್ಲೂ ನಾನೇ ಮೊದಲಿಗ. ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದ ನಮ್ಮ ಅಪ್ಪಯ್ಯ, ಜಾರ್ಜ್ ಟೌನಿನ ಒಂದು ಹೋಟೆಲಿನಲ್ಲಿ ರುಬ್ಬುಗುಂಡಿನಿಂದ ಆರಂಭಿಸಿ ಒಲೆಯ ಮುಂದಿನ ಅಧಿಪತ್ಯದವರೆಗೆ ಏರಿದವರು. ಅವರ ಬೆನ್ನಿಗೇ ಬಂದ ನಾನು ಬೆಳಿಗ್ಗೆ ಗಿರಾಕಿಗಳಿಗೆ ಇಡ್ಲಿ ಬಡಿಸಿ, ಬೆರಳಿಗಂಟಿದ ಸಾಂಬಾರಿನ ವಾಸನೆಯೊಂದಿಗೇ ಕಾಲೇಜಿನ ಬೆಂಚಿನಲ್ಲಿ ಕೂತು, ಸಂಜೆ ಮತ್ತೆ ಬಂದು ಎಲೆ ಎತ್ತಿ ಪದವೀಧರನಾದವನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೇಳದೆ ಬಿಟ್ಟರೆ ಸಂಕಟವಾಗುತ್ತದೆ. ಹಿಂದೆ ಹಿಡಿದ ಕನ್ನಡಿಯಲ್ಲಿ ತನ್ನ ಹಿನ್ನೆಲೆಯನ್ನು ಕಂಡು ತಲೆಯಾಡಿಸಲಾರದವನು ಮುಂದಿನ ಕನ್ನಡಿಯಲ್ಲಿ ಕ್ರಾಪು ತೀಡಿಕೊಂಡು ಏನು ಪ್ರಯೋಜನ?

ಊರಿನಲ್ಲಿ ನನ್ನ ಬಾಲ್ಯದ ಕ್ಷೌರವೆಂದರೆ ಅಂಗಳದಾಚೆಯ ಹಲಸಿನ ಮರದ ಬುಡದಲ್ಲಿ ಒಂದು ಮಲ್ಲಯುದ್ಧ. ಊರ ಕ್ಷೌರಿಕ ನನ್ನ ತಲೆಯನ್ನು ತನ್ನ ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, “ಅಲ್ಲಾಡಿದ್ರೆ ಕಿವಿ ನಂದ್” ಎಂದು ಮೊದಲೇ ಕರಾರು ಮಾಡಿಕೊಳ್ಳುತ್ತಿದ್ದ. ಯುದ್ಧ ಮುಗಿದ ಮೇಲೆ ನೇರವಾಗಿ ಮನೆಯೊಳಗೆ ಹೋಗುವಂತಿಲ್ಲ. ಕ್ಷೌರವಾದವನು ಮೈಲಿಗೆ, ಹಿತ್ತಿಲ ದಾರಿಯಲ್ಲಿ ಸುತ್ತು ಹಾಕಿ, ಏನನ್ನೂ ಯಾರನ್ನೂ ಮುಟ್ಟದೆ, ಬಾವಿಕಟ್ಟೆಗೆ ಹೋಗಿ ನಿಲ್ಲಬೇಕು. ಅಮ್ಮ ದೂರದಿಂದಲೇ ನೀರು ಸುರಿಯುತ್ತಾಳೆ. ತಲೆಯ ಮೇಲೆ ನೀರು ಬೀಳುವ ತನಕ ನಾವು ಮನೆಯವರೂ ಅಲ್ಲ, ಹೊರಗಿನವರೂ ಅಲ್ಲ. ಕೂದಲು ಕಳೆದುಕೊಂಡ ತ್ರಿಶಂಕುಗಳು. ಅದರಲ್ಲಿ ಅವಮಾನವೇನೂ ಇರಲಿಲ್ಲ. ಮಳೆ ಬಂದರೆ ಒದ್ದೆಯಾಗುತ್ತೇವೆ, ಕ್ಷೌರವಾದರೆ ಮೀಯುತ್ತೇವೆ, ಅಷ್ಟೇ ಎಂದು ತಿಳಿದು ಬೆಳೆದವರು ನಾವು.

ಕಾಲೇಜು ಸೇರುವ ಮುನ್ನ ಜುಟ್ಟು ತೆಗೆಸಿ ಕ್ರಾಪು ಮಾಡಿಸಿಕೊಂಡು ಊರಿಗೆ ಹೋದಾಗಲೂ ಅಮ್ಮ ಅತ್ತದ್ದು, ಬೈದದ್ದು ಎಲ್ಲ ಆಮೇಲೆ, ಮೊದಲು ಆಕೆಯ ಬಾಯಿಂದ ಬಂದ ಮಾತು, “ಮಿಂದ್ಕಂಡ್ ಬಾ.” ಕ್ಷೌರವಾಗಿ ಎರಡು ದಿನ ರೈಲು ಬಸ್ಸುಗಳಲ್ಲಿ ಕಳೆದಿತ್ತು ಎಂದರೂ ಕೇಳಲಿಲ್ಲ. ಮಿಂದು ಬಂದು ಕೂತ ಮೇಲೆ ಹಿಂದಿನಿಂದ ಬಂದು, ಜುಟ್ಟು ಇದ್ದ ಜಾಗವನ್ನು ಕೈಯಿಂದ ತಡಕಿ ನೋಡಿ, ಒಳಗೆ ಹೋಗಿ ದೋಸೆ ಹುಯ್ದಳು. ಆ ದೋಸೆ ಎಂದಿಗಿಂತ ದಪ್ಪವಾಗಿತ್ತು. ಅಮ್ಮನ ದುಃಖವೆಲ್ಲ ಹಿಟ್ಟಿನ ಹದದಲ್ಲಿ ಗೊತ್ತಾಗುವುದು.

ಇಷ್ಟು ಪೀಠಿಕೆ ಸಾಕು. ಮುಂದೆ ನನಗೆ ಮದರಾಸಿನಲ್ಲೇ ಒಂದು ಗುಮಾಸ್ತೆಯ ಕೆಲಸವಾಯಿತು, ಮದುವೆಯಾಯಿತು. ತಿರುವಲ್ಲಿಕ್ಕೇಣಿಯ ಒಂದು ಉದ್ದನೆಯ ಮನೆಯ ಹಿಂದಿನ ಭಾಗ ಬಾಡಿಗೆಗೆ ಸಿಕ್ಕಿತು. ಅಮ್ಮನೂ ಊರಿನಿಂದ ಬಂದಳು. ಅಪ್ಪಯ್ಯ ಹೋಟೆಲಿನಲ್ಲೇ ಮಲಗುತ್ತಿದ್ದವರು, ಭಾನುವಾರ ಮನೆಗೆ ಬಂದು ದೇವರ ಪೂಜೆ ಮಾಡಿ ಉಣ್ಣುತ್ತಿದ್ದರು. ಹಾಗಾಗಿ ಭಾನುವಾರ ಅಡುಗೆಮನೆ ಪೂರ್ತಿ ಮಡಿ. ನನ್ನ ಹೆಂಡತಿ ವನಜ ಮದರಾಸಿನಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡದಲ್ಲಿ ತಮಿಳು ಸಾಸಿವೆಯಂತೆ ಸಿಡಿಯುತ್ತದೆ. ಆದರೆ ಮಡಿಯ ವಿಷಯದಲ್ಲಿ ಅತ್ತೆ ಹಾಕಿದ ಗೆರೆ ದಾಟಿದವಳಲ್ಲ.

ಚಂದುವಿನ ಮೊದಲ ಮುಡಿ ತಿರುಪತಿಯಲ್ಲಿ ಆಯಿತು. ಆಗ ಅವನು ಅರೆನಿದ್ರೆಯಲ್ಲಿದ್ದ; ತನ್ನ ತಲೆಗೂ ದೇವರಿಗೂ ನಡೆದ ವ್ಯವಹಾರ ಅವನಿಗೆ ತಿಳಿಯಲಿಲ್ಲ. ಎರಡನೆಯದಕ್ಕೆ, ಎರಡು ತುಂಬಿದ ಮೇಲೆ ಒಂದು ಭಾನುವಾರ, ನಮ್ಮ ಬೀದಿಯ ತಿರುವಿನಲ್ಲಿದ್ದ ಮುನುಸಾಮಿಯ ಸಲೂನಿಗೆ ನಾನೇ ಕರೆದೊಯ್ದೆ. ಭಾನುವಾರ ಕ್ಷೌರವೇ ಎಂದು ಅಮ್ಮ ಗೊಣಗಿದಳು. ಆದರೆ ಆಕೆಯ ಲೆಕ್ಕದಲ್ಲಿ ಮಂಗಳವಾರ, ಶುಕ್ರವಾರ, ಏಕಾದಶಿ, ಅಮಾವಾಸ್ಯೆ, ಮನೆಮಂದಿಯ ಜನ್ಮನಕ್ಷತ್ರಗಳೆಲ್ಲ ಕಳೆದು ಕ್ಷೌರಕ್ಕೆ ಉಳಿಯುವ ದಿನಗಳು ನನ್ನ ಕಚೇರಿಯ ರಜೆಗಳೊಂದಿಗೆ ಯಾವ ಜನ್ಮದಲ್ಲೂ ಕೂಡಿ ಬರುವಂತಿರಲಿಲ್ಲ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡವಾಗಿಟ್ಟ ಹಲಗೆಯ ಮೇಲೆ ಚಂದು ಪಟ್ಟಾಭಿಷೇಕಕ್ಕೆ ಕೂತ ರಾಜಕುಮಾರನಂತೆ ಕೂತ. ಅಳಲಿಲ್ಲ, ಮಿಸುಕಲಿಲ್ಲ. ಮುನುಸಾಮಿ, “ರಾವ್ ಸಾರ್, ಪಯ್ಯನ್ ಸಿಂಗಂ!” ಎಂದು ಅವನನ್ನು ಸಿಂಹವಾಗಿಸಿದ. ಸಿಂಹದ ತಂದೆಯಾದ ಹೆಮ್ಮೆಯಲ್ಲಿ ನಾನೂ ಅಲ್ಲೇ ಕ್ಷೌರ ಮುಗಿಸಿಕೊಂಡೆ. ಮನೆಗೆ ಬಂದೆವು, ಮಿಂದೆವು, ಉಂಡೆವು, ಮಲಗಿದೆವು. ನನಗೆ ನೆನಪಿದ್ದುದು ಇಷ್ಟೇ.

ಎರಡು ತಿಂಗಳ ಮೇಲೆ ಮತ್ತೆ ಕರೆದೊಯ್ದಾಗ ಸಿಂಹ ಸಲೂನಿನ ಬಾಗಿಲಲ್ಲೇ ನನ್ನ ಪಂಚೆ ಹಿಡಿದು ಕುಳಿತುಬಿಟ್ಟಿತು. “ವೇಂಡಾಂ! ವೇಂಡಾಂ! ಬೇಡ ಅಪ್ಪಾ!” ಎರಡು ಭಾಷೆಗಳಲ್ಲಿಯೂ ನಿರಾಕರಣೆ. ಒಳಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ರಾಜ್ಯಭಾರ ಸರಿಪಡಿಸುತ್ತಿದ್ದ ವೃದ್ಧರೊಬ್ಬರು ಓದು ನಿಲ್ಲಿಸಬೇಕಾಯಿತು. ಎತ್ತಿ ಕೂರಿಸಿದರೆ ಮೈ ಬಿಲ್ಲಿನಂತೆ ಬಾಗಿತು, ಮುಖ ನೀಲಿಗಟ್ಟಿತು. ಮುನುಸಾಮಿ ಕತ್ತರಿ ಕೆಳಗಿಟ್ಟು, “ಇನ್ನೊರು ನಾಳ್ ಪಾರ್ಕ್ಕಲಾಂ ಸಾರ್” ಎಂದ. ಇನ್ನೊಂದು ದಿನ ನೋಡೋಣ ಎಂದರ್ಥ. ಆ ಇನ್ನೊಂದು ದಿನ ಎಷ್ಟು ಸಲ ಬಂತೋ ಅಷ್ಟು ಸಲವೂ ಅದೇ ಬಿಲ್ಲು, ಅದೇ ನೀಲಿ.

ಹುಡುಗನ ಕೂದಲಾದರೋ ಹಟ ತೊಟ್ಟಂತೆ ಬೆಳೆಯಿತು. ಮೊದಮೊದಲು ಅಕ್ಕಪಕ್ಕದವರು ಕೃಷ್ಣನಂತಿದ್ದಾನೆ ಎಂದರು. ಆಮೇಲೆ ಹೆಣ್ಣು ಮಗುವೇ ಎಂದು ಕೇಳಿದರು. ಕೊನೆಗೆ ಏನೂ ಹೇಳದೆ ನೋಡತೊಡಗಿದರು. ಅಮ್ಮ ಮಾತ್ರ ಹೇಳುವುದನ್ನು ನಿಲ್ಲಿಸಲಿಲ್ಲ.

“ಎಂತ ಮಗಾ ಇದ್, ಮಾಣಿ ತಲೆಯಾ, ಗುಬ್ಬಿ ಗೂಡಾ? ಬಿ.ಎ. ಓದಿದ್ದ್ ಹೌದ್, ಮಗನ ಕೂದ್ಲ್ ತೆಗ್ಸುಕೆ ಬತ್ತಿಲ್ಲೆ!”

ಈ ಮಾತು ನಾಟಿತು. ಸಂಬಳದ ಬಗ್ಗೆ ಅನ್ನಿ, ನನ್ನ ಇಂಗ್ಲಿಷಿನ ಉಚ್ಚಾರದ ಬಗ್ಗೆ ಅನ್ನಿ, ಸಹಿಸುತ್ತೇನೆ, ಬಿ.ಎ.ಯನ್ನು ಮುಟ್ಟಬೇಡಿ. ನಾನು ಶಾಸ್ತ್ರೋಕ್ತವಾಗಿ ಸಮಸ್ಯೆಯ ಬೆನ್ನು ಹತ್ತಿದೆ. ಗ್ರಂಥಾಲಯದಿಂದ ಮಕ್ಕಳ ಮನಸ್ಸಿನ ಬಗೆಗಿನ ಒಂದು ದಪ್ಪ ಪುಸ್ತಕ ತಂದು, ಭಯದ ವಸ್ತುವನ್ನು ಮಗುವಿಗೆ ಸ್ನೇಹದಿಂದ ಪರಿಚಯಿಸಬೇಕು ಎಂದು ತಿಳಿದುಕೊಂಡೆ. ಭಯದ ವಸ್ತು ಕತ್ತರಿ ಎಂಬುದರಲ್ಲಿ ನನಗೆ ಲವಲೇಶ ಸಂಶಯವಿರಲಿಲ್ಲ. ಮೊಂಡು ಕತ್ತರಿಯೊಂದನ್ನು ಕೈಗೆ ಕೊಟ್ಟೆ; ಅವನು ಸ್ನೇಹದಿಂದಲೇ ನನ್ನ ಕಚೇರಿಯ ಛತ್ರಿಯ ಬಟ್ಟೆ ಕತ್ತರಿಸಿದ. ಸರಿ, ಬಿಳಿಯ ಹೊದಿಕೆಯ ಭಯವಿರಬೇಕೆಂದು ಅದೇ ತರಹದ ಬಟ್ಟೆ ಹೊದೆದು ಮನೆಯೆಲ್ಲ ಓಡಾಡಿದೆ. ಅವನು ನಕ್ಕು ಅದರೊಳಗೆ ನುಗ್ಗಿ ಅಡಗಿಕೊಂಡ. ಮುನುಸಾಮಿಯ ಮೀಸೆಯ ಭಯವೋ ಎಂದು ಮೀಸೆಯಿಲ್ಲದ ಕ್ಷೌರಿಕನನ್ನು ಹುಡುಕಿ ಮೈಲಾಪುರದವರೆಗೆ ಹೋದೆ. ಅಲ್ಲಿಯೂ ಬಿಲ್ಲು, ಅಲ್ಲಿಯೂ ನೀಲಿ. ಒಂದು ಮಧ್ಯಾಹ್ನ ಅವನು ಮಲಗಿದ್ದಾಗ ನಾನೇ ಧೈರ್ಯ ಮಾಡಿ ಎಡಗಡೆಯನ್ನು ಕತ್ತರಿಸುತ್ತಾ ಬಂದೆ. ಬಲಗಡೆಗೆ ತಿರುಗಿಸುವಾಗ ಎಚ್ಚರವಾಯಿತು. ಆಮೇಲೆ ಬಹಳ ದಿನ ಅವನ ತಲೆ ಅರ್ಧ ಉತ್ತು ಬಿಟ್ಟ ಗದ್ದೆಯಂತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಅಂದಿನಿಂದ ಅವನು ಯಾರನ್ನೂ ತಲೆ ಮುಟ್ಟಗೊಡಲಿಲ್ಲ. ಬಾಚಲು ಬಂದ ತಾಯಿಯ ಕೈಯನ್ನೂ ತಳ್ಳುತ್ತಿದ್ದ. ಬಿ.ಎ. ಪಾಸಾದವನು ಎರಡೂವರೆ ವರ್ಷದವನ ಮುಂದೆ ಸಾರಾಸಗಟಾಗಿ ನಪಾಸಾದೆ.

ಅಷ್ಟರಲ್ಲಿ ಬೇಸಿಗೆ ಬಂತು. ಮೇ ತಿಂಗಳ ಆ ಉರಿಗೆ ಮದರಾಸಿನವರು ‘ಕತ್ತರಿ’ ಎಂದೇ ಹೆಸರಿಟ್ಟಿದ್ದಾರೆ; ನಮ್ಮ ಮನೆಯ ಪಾಲಿಗೆ ಸೂರ್ಯನೂ ಕ್ಷೌರಿಕರ ಪಕ್ಷ ಸೇರಿದಂತಾಯಿತು. ಸಮುದ್ರದ ಗಾಳಿ ನಮ್ಮ ಬೀದಿಗೆ ಬರುವಾಗ ಸಾಯಂಕಾಲ ಕಳೆದಿರುತ್ತಿತ್ತು. ಚಂದುವಿನ ದಟ್ಟ ಕೂದಲಿನ ಬುಡದಲ್ಲಿ ಬೆವರುಸಾಲೆ ಎದ್ದಿತು, ಬೆವರುಸಾಲೆ ಕುರುವಾಯಿತು, ಕುರು ಕೀವಾಯಿತು, ಜ್ವರ ಬಂತು. ಮಗು ದಿಂಬಿಗೆ ತಲೆ ಕೊಡಲಾರದೆ ಕೂತೇ ತೂಕಡಿಸುವುದನ್ನು ನೋಡಿದಾಗ ನನ್ನ ಹಾಸ್ಯವೆಲ್ಲ ಬತ್ತಿಹೋಯಿತು. ಡಾಕ್ಟರರು ನೋಡಿ, “ಮುಲಾಮು ಕೂದಲಿಗೆ ಹಚ್ಚುವುದಕ್ಕಲ್ಲ ರೀ, ಚರ್ಮಕ್ಕೆ. ಮೊದಲು ಕೂದಲು ತೆಗೆಸಿಕೊಂಡು ಬನ್ನಿ. ಬಿಟ್ಟರೆ ಕೀವು ಒಳಕ್ಕೆ ಹೋಗುತ್ತದೆ” ಎಂದು ಗದರಿಸಿ ಕಳಿಸಿದರು. ಬೇಕಾದರೆ ನಾಲ್ಕು ಜನ ಹಿಡಿದುಕೊಳ್ಳಿ ಎಂದೂ ಹೇಳಿದರು. ವನಜ ಮನೆ ಮುಟ್ಟಿದ ಮೇಲೆ, “ಕೈಕಾಲು ಹಿಡಿದು ಮಾಡ್ಸೋದಾದ್ರೆ ನಾನು ಮನೇಲಿ ಇರಲ್ಲ ರೀ. ಆ ಸತ್ತ ನನ್ನ ಕೈಲಿ ಕೇಳೋಕ್ಕಾಗಲ್ಲ” ಎಂದಳು. ‘ಸತ್ತ’ ಎಂದರೆ ಅವಳ ತಮಿಳಿನಲ್ಲಿ ಕೂಗು.

ಇದರ ನಡುವೆ ಒಂದು ವಿಷಯ ನಮ್ಮೆಲ್ಲರ ಕಣ್ಣಿಗೂ ಬಿದ್ದಿತ್ತು, ಆದರೆ ಅದನ್ನು ಯಾರೂ ಓದಿಕೊಂಡಿರಲಿಲ್ಲ. ವನಜ ಮಡಿಸೀರೆಯಲ್ಲಿದ್ದಾಗ ಚಂದು ತಾನಾಗಿಯೇ ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿ ನಿಲ್ಲುತ್ತಿದ್ದ. ಯಾರೂ ಹೇಳಬೇಕಾಗಿರಲಿಲ್ಲ. ಅಮ್ಮನಿಗೆ ಇದರಿಂದ ಆದ ಹಿಗ್ಗು ಅಷ್ಟಿಷ್ಟಲ್ಲ. ಬಂದವರಿಗೆಲ್ಲ ಕರೆದು ತೋರಿಸುವಳು: “ಕಾಣಿ, ಎಷ್ಟ್ ಬುದ್ಧಿ ಇತ್ತ್ ಅಂದೇಳಿ! ಮಡಿ ಅಂದ್ರೆ ಎಂತ ಅಂದೇಳಿ ಈಗ್ಲೇ ಗೊತ್ತಿತ್ತ್ ಅದಕ್ಕೆ.” ನಾನೂ ಅವನ ಗ್ರಹಣಶಕ್ತಿಗೆ ತಲೆದೂಗಿದ್ದೆ, ಅದು ಯಾರ ಕಡೆಯಿಂದ ಬಂದಿರಬಹುದು ಎಂಬುದರ ಬಗ್ಗೆ ವಿನಯಪೂರ್ವಕವಾಗಿ ಮೌನ ವಹಿಸಿ.

ಡಾಕ್ಟರರಲ್ಲಿಗೆ ಹೋಗಿ ಬಂದ ಮರುದಿನ ಬೆಳಿಗ್ಗೆ. ಜ್ವರ ಸ್ವಲ್ಪ ಇಳಿದಿತ್ತು. ವನಜ ಒಲೆಯ ಮುಂದೆ, ನಾನು ಓಣಿಯಂತಹ ನಡುಮನೆಯಲ್ಲಿ ಕಚೇರಿಗೆ ಹೊರಡುವ ಆತುರದಲ್ಲಿ. ಹೋಟೆಲಿನವರ ಮನೆಯಾದ್ದರಿಂದ ನಮ್ಮಲ್ಲಿ ತೆಂಗಿನಕಾಯಿಗೆ ಎಂದೂ ಬರವಿಲ್ಲ. ದೇವರ ಮುಂದೆ ಒಡೆಯಲೆಂದು ಅಮ್ಮ ತೆಗೆದಿಟ್ಟಿದ್ದ ಜುಟ್ಟಿನ ಕಾಯಿಯೊಂದು ಅಂದು ಚಂದುವಿನ ಕೈಗೆ ಸಿಕ್ಕಿತ್ತು. ಅವನು ಅದನ್ನು ಮಣೆಯ ಮೇಲೆ ಕೂರಿಸಿದ. ಅಜ್ಜಿಯ ಬೈರಾಸನ್ನು, ಎಂದರೆ ಟವೆಲನ್ನು, ಅದರ ಸುತ್ತ ಹೊದಿಸಿದ. ಎರಡು ಬೆರಳುಗಳನ್ನು ಕತ್ತರಿ ಮಾಡಿ, ‘ಟಿಕ್ ಟಿಕ್ ಟಿಕ್’ ಎಂದು ಜುಟ್ಟಿನ ಸುತ್ತ ಆಡಿಸಿದ. ಬಾಯಿಂದ ಉಫ್ ಎಂದು ಊದಿ ಕೂದಲು ಹಾರಿಸಿದ. ಹಿಂದೆ ಅಂಗೈ ಹಿಡಿದು ಕನ್ನಡಿಯನ್ನೂ ತೋರಿಸಿದ. ಇಷ್ಟೂ ನಗುನಗುತ್ತಲೇ. ಕ್ಷೌರವೆಂದರೆ ಪ್ರಾಣ ಹೋದಂತೆ ಕಿರುಚುವ ಮಗು ಸ್ವತಃ ಕ್ಷೌರ ಮಾಡುತ್ತಿದೆ! ನನ್ನ ದಪ್ಪ ಪುಸ್ತಕಕ್ಕೆ ಇದೊಂದು ಅಧ್ಯಾಯವಾಗಬಹುದು ಎಂದುಕೊಂಡು ನಾನು ಬಾಗಿಲ ಮರೆಯಲ್ಲಿ ನಿಂತೆ.

ಕ್ಷೌರ ಮುಗಿಯಿತು. ಅವನು ಕಾಯಿಯನ್ನು ಎತ್ತಿಕೊಂಡು ಹೋಗಿ, ಹಿಂದೆ ಬಚ್ಚಲಿನ ಹೊಸ್ತಿಲಲ್ಲಿ, ಗೋಡೆಯ ಮೂಲೆಗೆ ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

ಅಮ್ಮ ಅದೇ ಹೊತ್ತಿಗೆ ಕಾಯಿ ಹುಡುಕುತ್ತಾ ಬಂದಳು. “ಆ ಕಾಯಿ ಅಲ್ಲಿಗ್ ಎಂತಕ್ ತಕಂಡ್ ಹೋದೆ ಮಾಣಿ? ದೇವ್ರಿಗ್ ಇಟ್ಟದ್ದ್ ಅದ್. ಇತ್ತ ತಾ” ಎಂದು ಬಗ್ಗಿದಳು.

“ಅಜ್ಜೀ, ಮುಟ್ಟುಕಾಗ!” ಎಂದು ಚಂದು ಅಡ್ಡ ನಿಂತು ಚೀರಿದ. “ಕಾಯಿಗೆ ಕೂದ್ಲ್ ತೆಗ್ದಾಯ್ತ್. ಮುಟ್ಟುಕಾಗ, ಮುಟ್ಟುಕಾಗ!”

ಅಜ್ಜಿಯ ಮಾತೇ ಅದು, ಅಜ್ಜಿಯ ಸ್ವರವೇ ಅದು. ಆಮೇಲೆ ಅವನು ಕಾಯಿಯ ಎದುರು ದೂರದಲ್ಲಿ ಕುಕ್ಕುರುಗಾಲಿನಲ್ಲಿ ಕೂತು, ನಾವು ಯಾರೂ ಇಲ್ಲವೆಂಬಂತೆ, ಮೆಲ್ಲಗೆ ಅದಕ್ಕೆ ಹೇಳಿದ: “ಅಳ್ಬೇಡ ಕಾಯಿ. ಅಮ್ಮ ಬತ್ತಾಳೆ. ಅಳ್ಬೇಡ, ಆಂ?”

ಒಲೆಯ ಮುಂದಿನಿಂದ ಎದ್ದು ಬಂದಿದ್ದ ವನಜಳ ಕೈಯಲ್ಲಿ ಸೌಟು ಹಾಗೆಯೇ ಇತ್ತು. ಅವಳು ನನ್ನನ್ನು ನೋಡಿದಳು. ನನಗೆ ಆ ಮೊದಲ ಭಾನುವಾರ ಪೂರ್ತಿಯಾಗಿ ನೆನಪಾಯಿತು.

ಅಂದು ಸಲೂನಿನಿಂದ ಬಂದವನೇ, ಸಿಂಹವೆನಿಸಿಕೊಂಡ ಸಂಭ್ರಮದಲ್ಲಿ, ನನ್ನ ಬೆರಳು ಬಿಡಿಸಿಕೊಂಡು ನಡುಮನೆಯುದ್ದಕ್ಕೂ ಓಡಿ, “ಅಮ್ಮಾ, ನೋಡು!” ಎಂದು ಅಡುಗೆಮನೆಗೆ ನುಗ್ಗಿದ್ದ. ಅಪ್ಪಯ್ಯನ ಪೂಜೆಗೆ ಮಡಿಯಲ್ಲಿ ನೈವೇದ್ಯ ಮಾಡುತ್ತಿದ್ದ ವನಜ ಸೌಟು ಅಡ್ಡ ಹಿಡಿದು ಗೋಡೆಗೆ ಸರಿದಿದ್ದಳು: “ಮುಟ್ಬೇಡ, ಮುಟ್ಬೇಡ, ದೂರ ಇರು!” ಅವನು ಅಜ್ಜಿಯ ಕಡೆ ತಿರುಗಿದ. ಅಜ್ಜಿಯೂ ಸೆರಗು ಒಟ್ಟುಮಾಡಿಕೊಂಡು ಹಿಂದೆ ಹೋದಳು: “ಹೋಯ್, ಮಾಣಿ, ಮುಟ್ಟುಕಾಗ!” ನಾನೂ ಹಿಂದಿನಿಂದ ಬಂದು, ಹೌದು ಮಗೂ, ಮುಟ್ಟಬಾರದು ಎಂದು ಬಚ್ಚಲಿಗೆ ಕರೆದೊಯ್ದು ನಿಲ್ಲಿಸಿದೆ. ನೀರು ಕಾಯಲಿಲ್ಲವೆಂದು ಅಲ್ಲೊಂದು ಕಾಲು ಗಂಟೆ. ಆಗ ಅವನು ಅತ್ತಿದ್ದ. ಕೂದಲಿನ ಚೂರು ಚುಚ್ಚುತ್ತಿದೆ ಎಂದುಕೊಂಡಿದ್ದೆವು. ಮಿಂದ ಮೇಲೆ ಎಲ್ಲರೂ ಎತ್ತಿ ಮುದ್ದಾಡಿದ್ದೇನೋ ನಿಜ. ಆದರೆ ಸ್ನಾನಕ್ಕೂ ಮುದ್ದಿಗೂ ಇರುವ ಶಾಸ್ತ್ರಸಂಬಂಧ ಆ ವಯಸ್ಸಿಗೆ ಹೇಗೆ ತಿಳಿಯಬೇಕು? ಅವನಿಗೆ ತಿಳಿದದ್ದು ಇಷ್ಟು: ಕೂದಲು ತೆಗೆಸಿಕೊಂಡು ಬಂದರೆ ಅಮ್ಮ ಹಿಂದೆ ಸರಿಯುತ್ತಾಳೆ.

“ಏನ್ರೀ,” ಎಂದಳು ವನಜ, “ಇವನಿಗೆ ಕತ್ತರಿ ಭಯ ಇಲ್ಲವೇ ಇಲ್ಲ. ನನ್ನ ಭಯ. ಪಾವಂ ರೀ, ಪಾಪ, ನನ್ನ ಭಯ.”

ಅಮ್ಮ ಮುಟ್ಟಬಾರದ ಕಾಯಿಯನ್ನು ಅಲ್ಲೇ ಬಿಟ್ಟು, ಒಳಗೆ ಹೋಗಿ ಬೇರೆ ಕಾಯಿ ಒಡೆದಳು. ಆ ಇಡೀ ದಿನ, ಮೂಲೆಯಲ್ಲಿದ್ದ ಕಾಯಿಯನ್ನು ಯಾರೂ ಕದಲಿಸಲಿಲ್ಲ. ಸಂಜೆ ನಾನು ಕಚೇರಿಯಿಂದ ಬರುವಾಗ ಅದಕ್ಕೆ ಯಾರೋ ನೀರು ಹುಯ್ದು, ಒರೆಸಿ, ಮಣೆಯ ಮೇಲೆ ತಂದು ಕೂರಿಸಿದ್ದರು. ಯಾರೆಂದು ನಾನು ಕೇಳಲಿಲ್ಲ.

ಭಾನುವಾರ ಬಂತು. ವನಜ ಅತ್ತೆಯ ಮುಂದೆ ನಿಂತು, “ಅತ್ತೆ, ಇವತ್ತು ನಾನೂ ಸಲೂನಿಗೆ ಹೋಗ್ತೀನಿ. ಮುಗಿದ ಕೂಡ್ಲೇ ನಾನೇ ಎತ್ಕೋತೀನಿ. ಆಮೇಲೆ ಇಬ್ಬರೂ ಸ್ನಾನ ಮಾಡ್ತೀವಿ” ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅಮ್ಮ ಒಲೆಯಿಂದ ಮುಖ ತಿರುಗಿಸಲಿಲ್ಲ. “ಅಡ್ಗೆ ನಾನ್ ಮಾಡ್ತೆ. ನೀ ಹೋಯ್ ಬಾ ಹೆಣೆ” ಎಂದಳು. ಆ ಎರಡು ಮಾತಿನಲ್ಲಿ ಒಪ್ಪಿಗೆ ಎಷ್ಟು, ಕೋಪ ಎಷ್ಟು ಎಂದು ಅಳೆಯಲು ನನ್ನಲ್ಲಿ ತಕ್ಕಡಿ ಇರಲಿಲ್ಲ.

ಆ ಕಾಲದ ತಿರುವಲ್ಲಿಕ್ಕೇಣಿಯಲ್ಲಿ ಗೃಹಸ್ಥರ ಮನೆಯ ಹೆಂಗಸು ಗಂಡಸರ ಸಲೂನಿನ ಬಾಗಿಲಲ್ಲಿ ನಿಂತದ್ದನ್ನು ಅದಕ್ಕೂ ಮೊದಲು ಯಾರಾದರೂ ಕಂಡಿದ್ದರೋ ಇಲ್ಲವೋ. ವನಜ ನಿಂತಳು. ಒಳಗೆ ಲುಂಗಿ ಮೇಲೆ ಕಟ್ಟಿದ್ದವರು ಇಳಿಬಿಟ್ಟರು. ಮುಖಕ್ಕೆ ಸಾಬೂನು ಹಚ್ಚಿಸಿಕೊಂಡಿದ್ದ ಒಬ್ಬರು ಗೋಡೆಯ ಕಡೆಗೆ ತಿರುಗಿದರು. ರಾಜ್ಯಭಾರದ ವೃದ್ಧರು ಪತ್ರಿಕೆಯನ್ನು ಎಷ್ಟು ಎತ್ತರಕ್ಕೆ ಹಿಡಿದರೆಂದರೆ ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಮುನುಸಾಮಿ, “ವಾಂಗಮ್ಮಾ, ವಾಂಗ” ಎಂದು ಕಡೆಗೂ ಸಾವರಿಸಿಕೊಂಡು ಬರಮಾಡಿಕೊಂಡ. ಚಂದು ಬಿಲ್ಲಾಗಲು ಸಿದ್ಧನಾಗಿಯೇ ಇದ್ದ. ಕೂಗಲು ಬಾಯಿ ತೆರೆದೂ ಆಗಿತ್ತು. ಆದರೆ ಬಾಗಿಲಲ್ಲಿ ತನ್ನ ಅಮ್ಮ ನಿಂತಿದ್ದಾಳೆಂಬ ಹೊಸ ಸಂಗತಿ ಅವನ ಕೂಗನ್ನು ಅರ್ಧದಲ್ಲಿ ತಡೆಯಿತು. ಹಲಗೆಯ ಮೇಲೆ ಕೂರಿಸಿದಾಗ ತಿರುತಿರುಗಿ ಹಿಂದೆ ನೋಡತೊಡಗಿದ. ತಲೆ ನಿಲ್ಲದೆ ಕತ್ತರಿ ಆಡದು. ಕೈಗೊಂದು ಕೆಲಸವಿರಲಿ ಎಂದು ಮುನುಸಾಮಿ ಆ ಪುಟ್ಟ ಕನ್ನಡಿಯನ್ನು ಅವನಿಗೇ ಹಿಡಿಯಲು ಕೊಟ್ಟ. ಚಂದು ಅದನ್ನು ಅತ್ತ ಇತ್ತ ವಾಲಿಸಿದ. ಒಮ್ಮೆ ಸೂರು ಕಂಡಿತು, ಒಮ್ಮೆ ಪತ್ರಿಕೆ ಕಂಡಿತು, ಆಮೇಲೆ ಅವನ ಕೈ ನಿಂತಿತು. ಕನ್ನಡಿಯಲ್ಲಿ ಅಮ್ಮ.

ಅಲ್ಲಿಂದ ಮುಂದೆ ಕ್ಷೌರವಿಡೀ ಅವನು ಉಸಿರು ಬಿಗಿಹಿಡಿದು ಆ ಕನ್ನಡಿಯನ್ನೇ ಕಾದ. ಅಮ್ಮ ಒಂದಿಷ್ಟು ಅಲುಗಿದರೂ ತುಟಿ ನಡುಗುತ್ತಿತ್ತು. ಇದು ಗೊತ್ತಾಗಿ ವನಜ ಬಿಸಿಲಿನಲ್ಲಿ, ಕಾಲು ಬದಲಿಸದೆ, ನಿಂತಲ್ಲೇ ನಿಂತಳು. ಕುರುವಿನ ಸುತ್ತ ಬಂದಾಗ ಮುನುಸಾಮಿಯ ಕತ್ತರಿ ಮೆಲ್ಲಗಾಯಿತು. ಚಂದು ‘ಸ್ಸ್’ ಎಂದ, ಅಷ್ಟೇ. ನೆಲದ ಮೇಲೆ ಆರು ತಿಂಗಳ ಹಟ ಕಪ್ಪಗೆ ಗುಪ್ಪೆಯಾಗಿ ಬಿದ್ದಿತ್ತು.

ಹಲಗೆಯಿಂದ ಇಳಿಸಿದೆ. ಕುತ್ತಿಗೆ, ಕೆನ್ನೆ, ಅಂಗಿ ಎಲ್ಲೆಲ್ಲೂ ಕೂದಲು ಮೆತ್ತಿಕೊಂಡ ಆ ಪುಟ್ಟ ಬೋಳುಮಂಡೆ ನೇರವಾಗಿ ಬಾಗಿಲಿಗೆ ನಡೆಯಿತು. ತಾಯಿಗೆ ಎರಡು ಮೊಳ ದೂರದಲ್ಲಿ ನಿಂತಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತು. ಹಟವಲ್ಲ, ಅಳುವಲ್ಲ, ಕಲಿತ ಪಾಠವನ್ನು ಒಪ್ಪಿಸುವವನಂತೆ, “ಮುಟ್ಟುಕಾಗ” ಎಂದಿತು.

“ವಾಡಾ ಕಣ್ಣಾ” ಎಂದಳು ವನಜ, ಅವಳಿಗೆ ಕನ್ನಡ ಮರೆತುಹೋಗಿತ್ತು. ಬಗ್ಗಿ ಬಾಚಿ ಎತ್ತಿಕೊಂಡಳು. ಕೆನ್ನೆಗೆ ಕೆನ್ನೆ ಒತ್ತಿದಳು. ಕೂದಲೆಲ್ಲ ಅವಳ ಬೆವತ ಮುಖಕ್ಕೆ, ಕುಂಕುಮಕ್ಕೆ, ಸೀರೆಗೆ ಅಂಟಿತು. ಅವನು ಮೊದಲು ಮರದಂತೆ ಬಿಗಿದುಕೊಂಡು, ನಂಬಲಾರದೆ ಅವಳ ಮುಖ ನೋಡಿ, ಆಮೇಲೆ ಅವಳ ಕುತ್ತಿಗೆಗೆ ಬಿದ್ದು ಅಳಲು ಶುರುಮಾಡಿದ. ಎಲ್ಲ ಮುಗಿದ ಮೇಲಿನ ಅಳು. ಕೇಳಲು ಹಿತವಾದ ಅಳು ಎಂಬುದೊಂದು ಇದ್ದರೆ ಅದೇ. ಪತ್ರಿಕೆಯ ಹಿಂದಿನಿಂದ ವೃದ್ಧರು ಗಂಟಲು ಸರಿಮಾಡಿಕೊಂಡದ್ದು ನನಗೆ ಕೇಳಿಸಿತು.

ಮನೆ ಬಂತು. ನಮ್ಮ ಭಾಗದ ಹೊಸ್ತಿಲಲ್ಲಿ ಅಮ್ಮ ನಿಂತಿದ್ದಳು. ಮಡಿಸೀರೆ, ಮಿಂದ ಕೂದಲಿಗೆ ಸುತ್ತಿದ ಬೈರಾಸು, ಒಳಗೆ ಬೇಯುತ್ತಿದ್ದ ನೈವೇದ್ಯದ ಪರಿಮಳ. ಅಪ್ಪಯ್ಯ ದೇವರ ಮುಂದೆ ಆಗಲೇ ಗಂಟೆ ತೊಳೆದಿಟ್ಟು ಕಾಯುತ್ತಿದ್ದರು. ವನಜ ಬಚ್ಚಲ ಕಡೆಗೆ ಸರಿಯುವಷ್ಟರಲ್ಲಿ ಧೈರ್ಯ ಬಂದಿದ್ದ ಚಂದು ಅವಳ ಹೆಗಲಿನಿಂ‌ದಲೇ ಎರಡೂ ಕೈ ಚಾಚಿಬಿಟ್ಟ. “ಅಜ್ಜೀ!”

ನಾವು ಮೂವರೂ ನಿಂತೆವು. ಅಮ್ಮ ಮಡಿ ತಪ್ಪಿದ್ದನ್ನು ನಾನು ಜನ್ಮದಲ್ಲಿ ಕಂಡವನಲ್ಲ. ನಾನು ಪದವಿಪತ್ರ ಕೈಯಲ್ಲಿ ಹಿಡಿದು ಬಂದ ದಿನವೂ, ರೈಲು ಬಸ್ಸುಗಳ ಧೂಳಿನವನೆಂದು, ಕಾಲು ತೊಳೆದು ಬರುವ ತನಕ ಅದನ್ನು ಮುಟ್ಟಿದವಳಲ್ಲ. ಚಂದುವಿನ ಕೈಗಳು ಗಾಳಿಯಲ್ಲಿ ಹಾಗೆಯೇ ಇದ್ದವು.

“ಬಾ ಮಾಣಿ, ಬಾ,” ಎಂದಳು ಅಮ್ಮ, ಎರಡು ಹೆಜ್ಜೆ ಮುಂದೆ ಬಂದು ಅವನನ್ನು ತೆಗೆದುಕೊಂಡು. “ನಂದೆಂತ, ನಂದಿನ್ನೂ ಮಿಂದಾಯ್ಲಿಲ್ಲೆ.”

ಬೈರಾಸಿನ ತುದಿಯಿಂದ ನೀರು ತೊಟ್ಟಿಕ್ಕಿ ಅವಳ ಹೆಗಲು ಒದ್ದೆಯಾಗುತ್ತಿತ್ತು. ಅದರ ಎರಡು ಹನಿ ಚಂದುವಿನ ಬೋಳುಮಂಡೆಯ ಮೇಲೆ ಬಿದ್ದವು. ಅವನು ಕಿಲಕಿಲ ನಕ್ಕ.

ಅಡುಗೆ ಮತ್ತೆ ಮೊದಲಿನಿಂದ ಆಗಬೇಕಾಯಿತು. ಅಪ್ಪಯ್ಯ ಅಂದು ಬಹಳ ತಡವಾಗಿ ಉಂಡು, ಸಾರಿಗೆ ಉಪ್ಪು ಕಡಿಮೆ ಎಂದು ಮಾತ್ರ ಹೇಳಿದರು. ಸಂಜೆ ಮುಲಾಮು ಚರ್ಮಕ್ಕೇ ತಗಲಿತು. ಅಂದು ಚಂದು ದಿಂಬಿಗೆ ತಲೆಯಿಟ್ಟು ಮಲಗಿದ. ಅಮ್ಮ ಆಮೇಲೂ ಮಡಿಯನ್ನು ಬಿಡಲಿಲ್ಲ. ಏಕಾದಶಿ, ಅಮಾವಾಸ್ಯೆ, ನನ್ನ ಕ್ರಾಪಿನ ಮೈಲಿಗೆ ಎಲ್ಲ ಮೊದಲಿನಂತೆಯೇ ನಡೆದವು. ಆದರೆ ಮೊಮ್ಮಗನ ಕ್ಷೌರದ ದಿನ ಮಾತ್ರ, ಅದು ಯಾವ ದಿನವೇ ಇರಲಿ, ಆಕೆಗೆ ಸ್ನಾನಕ್ಕೆ ಪುರುಸೊತ್ತಾಗುತ್ತಿರಲಿಲ್ಲ.

ಚಂದು ಈಗ ಶಾಲೆಗೆ ಹೋಗುತ್ತಾನೆ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುತ್ತಾನೆ, ಸಲೂನಿಗೆ ಒಬ್ಬನೇ ಹೋಗಿ ಬರುತ್ತಾನೆ. ಆ ಕಥೆ ಅವನಿಗೆ ನೆನಪಿಲ್ಲ, ಹೇಳಿದರೆ ನಾಚಿಕೊಳ್ಳುತ್ತಾನೆ. ನೆನಪಿರುವುದು ನನಗೆ. ಮುನುಸಾಮಿ ಇಂದಿಗೂ ಎಲ್ಲ ಮುಗಿದ ಮೇಲೆ ಪುಟ್ಟ ಕನ್ನಡಿಯನ್ನು ನನ್ನ ತಲೆಯ ಹಿಂದೆ ಹಿಡಿಯುತ್ತಾನೆ. ಅದರಲ್ಲಿ ಕಾಣುವ, ದಿನೇ ದಿನೇ ಬಯಲಾಗುತ್ತಿರುವ ಆ ತಲೆ ನನ್ನದೇ ಇರಬೇಕು, ತಕರಾರಿಲ್ಲ. ನಾನು ಕತ್ತು ತುಸು ವಾಲಿಸಿ, ಕನ್ನಡಿಯ ಅಂಚಿನಲ್ಲಿ ಮೊದಲು ಬಾಗಿಲನ್ನು ನೋಡುತ್ತೇನೆ. ಬಿಸಿಲು ಬಿದ್ದ ಹೊಸ್ತಿಲು ಬರಿದಾಗಿರುತ್ತದೆ. ಮನೆ ಇರುವುದು ಅದರಾಚೆಗೆ, ನಾಲ್ಕೇ ಹೆಜ್ಜೆಯಲ್ಲಿ. ಆಮೇಲೆ ತಲೆಯಾಡಿಸಿ ಏಳುತ್ತೇನೆ.